ಸುವಾಸನೆ ಸರಿ, ಶೀಶೆಯೊಳಗೇನಿದೆ?

ಸಂಜೆ ಆರೂವರೆಗೆ ಒಂಟಿಕೊಪ್ಪಲಿನ ಟೆಂಪಲ್ ರಸ್ತೆಯಲ್ಲಿ ನಡೆದರೆ ಮೂಗಿಗೆ ಪುರುಸೊತ್ತೇ ಇರೋದಿಲ್ಲ. ಹೂವಿನ ಬುಟ್ಟಿಗಳಿಂದ ಮಲ್ಲಿಗೆ, ದವನ. ಮನೆಗಳಿಂದ ಊದುಬತ್ತಿ, ಸಾಂಬ್ರಾಣಿ. ಇತ್ತೀಚೆಗೆ ಇವುಗಳ ಜೊತೆ ಲ್ಯಾವೆಂಡರ್ ಕೂಡ ಸೇರಿಕೊಂಡಿದೆ. ಹೆಬ್ಬಾಳದ ಐಟಿ ಆಫೀಸುಗಳಲ್ಲಿ ತಲೆ ಬಿಸಿ ಮಾಡಿಕೊಂಡು ಬರುವ ನಮ್ಮಂಥವರ ಮನೆಗಳಲ್ಲಿ ಡಿಫ್ಯೂಸರ್ ಈಗ ಮಿಕ್ಸಿಯಷ್ಟೇ ಮಾಮೂಲು. ಗೃಹಪ್ರವೇಶಕ್ಕೂ ಅದೇ ಗಿಫ್ಟು, ಹುಟ್ಟುಹಬ್ಬಕ್ಕೂ ಅದೇ.

ಬೇಡ ಅಂತ ನಾನು ಹೇಳುತ್ತಿಲ್ಲ, ನನ್ನ ಮೇಜಿನ ಮೇಲೂ ಒಂದಿದೆ. ಆದರೆ 'ನ್ಯಾಚುರಲ್ ಅಲ್ವಾ, ಏನೂ ಆಗಲ್ಲ' ಅನ್ನೋ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಹಸುಗೂಸು ಇದ್ದರೆ, ದಮ್ಮಿನ ತೊಂದರೆಯ ಅಜ್ಜಿ ಇದ್ದರೆ, ಆ ಮಾತಿಗೆ ಬೆಲೆ ತೆರಬೇಕಾಗುತ್ತದೆ.

ಮೊದಲನೆಯದಾಗಿ, ಎಸೆನ್ಷಿಯಲ್ ಆಯಿಲ್ ಅನ್ನೋದು ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಥರದ ಎಣ್ಣೆಯೇ ಅಲ್ಲ. ಗಿಡದಲ್ಲಿರುವ, ಗಾಳಿಗೆ ಆರಿಹೋಗುವ ಸುಗಂಧದ ಅಂಶಗಳನ್ನು ಹೆಚ್ಚಾಗಿ ಹಬೆಯಿಂದ ಬಟ್ಟಿ ಇಳಿಸಿ ತೆಗೆದ ಸಾರ ಅದು. ಕಿಲೋಗಟ್ಟಲೆ ಎಲೆ, ಹೂವು, ಕಟ್ಟಿಗೆಯಲ್ಲಿ ಹರಡಿಕೊಂಡಿದ್ದದ್ದು ಒಂದು ಪುಟ್ಟ ಶೀಶೆಗೆ ಬಂದು ಕೂತಿರುತ್ತದೆ. ತುಳಸಿ ಎಲೆ ಅಗಿಯೋದಕ್ಕೂ ತುಳಸಿ ತೈಲ ಬಳಸೋದಕ್ಕೂ ಇರುವ ಅಂತರ ಇದೇ.

ಈ ವಿಷಯದಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ ನೋಡಿ. ಒಂದು ಕಾಲಕ್ಕೆ ನಮ್ಮ ಶ್ರೀಗಂಧದ ಕೊರಡುಗಳು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ದಿವಾನರು ವಿಶ್ವೇಶ್ವರಯ್ಯ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆಯುವ ವಿಧಾನವನ್ನು ಇಲ್ಲೇ ಕೂಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಲ್ಲಿ, ಮರುವರ್ಷ ಮೈಸೂರಲ್ಲಿ ಬಟ್ಟಿ ಶುರುವಾಯಿತು. ಅದೇ ಎಣ್ಣೆಯಿಂದ 1918ರ ಹೊತ್ತಿಗೆ ಮೈಸೂರ್ ಸ್ಯಾಂಡಲ್ ಸೋಪು ಬಂತು. ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಅಂದರೆ ಇವತ್ತಿಗೂ ಆಟೋದವರಿಗೆ ಗೊತ್ತು.

ಈ ಕಥೆ ಯಾಕೆ ಹೇಳಿದೆ ಅಂದರೆ, ಇದರಲ್ಲೇ ಬೆಲೆಯ ಲೆಕ್ಕ ಅಡಗಿದೆ. ಗಂಧದ ಮರದಲ್ಲಿ ಎಣ್ಣೆ ಇರೋದು ಚೇಗು ಮತ್ತು ಬೇರಿನಲ್ಲಿ. ಚೇಗು ಬಲಿಯೋದಕ್ಕೆ ದಶಕಗಳು ಬೇಕು. ನೂರು ಕಿಲೋ ಒಳ್ಳೆ ಚೇಗಿನಿಂದ ಐದಾರು ಕಿಲೋ ಎಣ್ಣೆ ಬಂದರೆ ಒಳ್ಳೆ ಇಳುವರಿ. ಅಸಲಿ ಎಣ್ಣೆಯ ಬೆಲೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ. ಅಂದರೆ ಹತ್ತು ಮಿಲಿಗೆ ಬರೀ ಎಣ್ಣೆಯದೇ ಸಾವಿರಕ್ಕಿಂತ ಮೇಲೆ. ಹೀಗಿರುವಾಗ 'ಪ್ಯೂರ್ ಮೈಸೂರ್ ಸ್ಯಾಂಡಲ್ ಆಯಿಲ್, ಇನ್ನೂರು ರೂಪಾಯಿ' ಅಂತ ಯಾರಾದರೂ ಕೊಟ್ಟರೆ ಒಳಗೇನಿದೆ ಅಂತ ನೀವೇ ಊಹಿಸಿ.

ಮಲ್ಲಿಗೆಯದು ಇನ್ನೂ ಮಜಾ. ಮಲ್ಲಿಗೆ ಹಬೆಯ ಬಿಸಿ ತಡೆಯೋದಿಲ್ಲ, ಪರಿಮಳ ಕೆಟ್ಟುಹೋಗುತ್ತದೆ. ಹಾಗಾಗಿ ಅದನ್ನು ದ್ರಾವಕದಲ್ಲಿ ನೆನೆಸಿ 'ಆಬ್ಸಲ್ಯೂಟ್' ಅಂತ ತೆಗೆಯುತ್ತಾರೆ, ಅದೂ ಭಾರಿ ದುಬಾರಿ. ನೂರೈವತ್ತು ರೂಪಾಯಿಯ 'ಜಾಸ್ಮಿನ್ ಎಸೆನ್ಷಿಯಲ್ ಆಯಿಲ್' ಕಾರ್ಖಾನೆಯಲ್ಲಿ ಬೆರೆಸಿದ ಫ್ರೇಗ್ರೆನ್ಸ್ ಆಯಿಲ್. ಪರಿಮಳಕ್ಕೆ ಅಂತ ಕೊಂಡರೆ ತಪ್ಪೇನಿಲ್ಲ, ಥೆರಪಿ ಅಂತ ಮಾತ್ರ ಕೊಳ್ಳಬೇಡಿ. ಮಲ್ಲಿಗೆ ವಾಸನೆ ಬೇಕಿದ್ದರೆ ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಮೊಳ ತಗೊಂಡು ದಿಂಬಿನ ಪಕ್ಕ ಇಟ್ಟುಕೊಳ್ಳಿ. ಅದೇ ಅಗ್ಗ, ಅದೇ ಅಸಲಿ.

ಲೇಬಲ್ ಓದೋದು ಕಲಿತರೆ ಅರ್ಧ ಕೆಲಸ ಮುಗಿಯಿತು. ಗಿಡದ ಸಸ್ಯಶಾಸ್ತ್ರೀಯ ಹೆಸರು ಇದೆಯಾ ನೋಡಿ. ಗಂಧಕ್ಕೆ ಸ್ಯಾಂಟಲಮ್ ಆಲ್ಬಮ್ ಅಂತಿರಬೇಕು. ಗಿಡದ ಯಾವ ಭಾಗ, ಹೇಗೆ ತೆಗೆದದ್ದು, ಬ್ಯಾಚ್ ನಂಬರ್ ಏನು ಅಂತಲೂ ಇರಬೇಕು. 'ಫ್ರೇಗ್ರೆನ್ಸ್', 'ಪರ್ಫ್ಯೂಮ್' ಅಂತ ಸಣ್ಣಕ್ಷರದಲ್ಲಿದ್ದರೆ ಅರ್ಥ ಮಾಡಿಕೊಳ್ಳಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು: ಬಿಳಿ ಕಾಗದದ ಮೇಲೆ ಒಂದು ಹನಿ ನಿಂಬೆಯದೋ ನೀಲಗಿರಿಯದೋ ಹಾಕಿ ಮರುದಿನ ನೋಡಿ. ಬೋಂಡಾ ಕಟ್ಟಿದ ಪೇಪರಿನ ಥರ ಜಿಡ್ಡಿನ ಕಲೆ ಉಳಿದಿದ್ದರೆ ಬೇರೆ ಎಣ್ಣೆ ಬೆರೆತಿದೆ ಅಂತ ಅನುಮಾನಿಸಬಹುದು. ಗಂಧ, ಲಾವಂಚದಂಥ ದಪ್ಪ ತೈಲಗಳು ನಿಧಾನವಾಗಿ ಆರುತ್ತವೆ, ಅವಕ್ಕೆ ಈ ಪರೀಕ್ಷೆ ನಡೆಯೋದಿಲ್ಲ.

ಸರಿ, ಇದರಿಂದ ಉಪಯೋಗ ಇದೆಯಾ? 'ಅರೋಮಾಥೆರಪಿ' ಅನ್ನೋ ಹೆಸರು ಫ್ರಾನ್ಸಿನ ರಸಾಯನ ತಜ್ಞ ಗಾಟ್‌ಫೊಸೆ 1937ರಲ್ಲಿ ಬರೆದ ಪುಸ್ತಕದಿಂದ ಹರಡಿತು. ವಾಸನೆಯ ನರಗಳು ಮೆದುಳಿನಲ್ಲಿ ಭಾವನೆ ಮತ್ತು ನೆನಪಿನ ಜಾಗಗಳಿಗೆ ಹತ್ತಿರದ ದಾರಿಯಲ್ಲೇ ಹೋಗುತ್ತವೆ. ಕರ್ಪೂರದ ವಾಸನೆ ಬಂದ ಕೂಡಲೇ ಊರ ದೇವಸ್ಥಾನ ಕಣ್ಣ ಮುಂದೆ ಬರೋದು ಅದಕ್ಕೇ. ಹಾಗಾಗಿ ಮನಸ್ಸು ಹಗುರವಾಗೋದು, ಮಲಗುವ ಮುಂಚೆ ಸ್ವಲ್ಪ ನಿರಾಳವಾಗೋದು ಇದೆಲ್ಲ ನಂಬುವಂಥದ್ದೇ. ಆದರೆ ಇದನ್ನು ಪಕ್ಕಾ ಸಾಬೀತು ಮಾಡೋದು ಕಷ್ಟ. ಮಾತ್ರೆಯ ಪರೀಕ್ಷೆಯಲ್ಲಿ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸಬಹುದು, ಇಲ್ಲಿ ವಾಸನೆಯನ್ನು ಎಲ್ಲಿ ಬಚ್ಚಿಡೋದು? ಬಿಪಿ, ಶುಗರ್, ಥೈರಾಯ್ಡ್ ಗುಣವಾಗುತ್ತೆ ಅನ್ನೋ ರೀಲ್ಸ್ ಬಂದರೆ ಮೇಲಕ್ಕೆ ತಳ್ಳಿಬಿಡಿ.

ಇನ್ನು ಅಳತೆ. ಒಂದು ಮಿಲಿ ಅಂದರೆ ಸುಮಾರು ಇಪ್ಪತ್ತು ಹನಿ. ಮೈಗೆ ಹಚ್ಚಬೇಕಾದರೆ ಎರಡು ಚಿಕ್ಕ ಚಮಚ, ಅಂದರೆ ಹತ್ತು ಮಿಲಿ ಕೊಬ್ಬರಿ ಎಣ್ಣೆಗೆ ಎರಡು ಹನಿ ಹಾಕಿದರೆ ಶೇಕಡಾ 1 ಆಯಿತು. ಆರೋಗ್ಯವಂತ ದೊಡ್ಡವರಿಗೆ ಶೇಕಡಾ 2 ಸಾಕು, ಮುಖಕ್ಕೆ 1ಕ್ಕಿಂತ ಮೇಲೆ ಬೇಡ. ಮೊದಲು ಮೊಣಕೈ ಒಳಗಡೆ ಹಚ್ಚಿ ಒಂದು ದಿನ ಕಾಯಿರಿ. ಹಿಂಡಿ ತೆಗೆದ ನಿಂಬೆ ತೈಲ, ಬರ್ಗಮಾಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುತ್ತದೆ. ಡಿಫ್ಯೂಸರಿಗೆ ನೂರು ಮಿಲಿ ನೀರಿಗೆ ಮೂರ್ನಾಲ್ಕು ಹನಿ, ಅರ್ಧ ಗಂಟೆ, ಕಿಟಕಿ ತೆರೆದಿರಲಿ. ಇಷ್ಟು ಹೊತ್ತಿಗೆ ವಾಸನೆ ಹೋಯಿತು ಅನ್ನಿಸುತ್ತದೆ. ಹೋಗಿರೋದಿಲ್ಲ, ನಿಮ್ಮ ಮೂಗು ಒಗ್ಗಿಹೋಗಿರುತ್ತದೆ. ಅಲ್ಲಿ ಇನ್ನೂ ನಾಲ್ಕು ಹನಿ ಸುರಿಯೋದರಿಂದಲೇ ತಲೆನೋವು ಶುರುವಾಗೋದು. ಎಸಿ ಹಾಕಿದ ಹತ್ತು ಬೈ ಹನ್ನೆರಡರ ರೂಮಲ್ಲಿ ರಾತ್ರಿಯಿಡೀ ಓಡಿಸೋದಂತೂ ಬೇಡವೇ ಬೇಡ.

ದಮ್ಮು ಇರುವವರಿಗೆ ಯಾವ ವಾಸನೆಯಾದರೂ ಉಬ್ಬಸ ತರಬಹುದು, ಎಷ್ಟೇ ಶುದ್ಧವಾಗಿರಲಿ. ನಮ್ಮಜ್ಜಿ ಡಿಫ್ಯೂಸರ್ ಬಂದ ದಿನವೇ, "ನಿನ್ನ ರೂಮಲ್ಲಿ ಇಟ್ಕೋ ಕಣೋ, ಹಾಲ್‌ಗೆ ತರಬೇಡ" ಅಂದಿದ್ದರು. ಆವತ್ತಿಂದ ಅದು ನನ್ನ ರೂಮಿನ ಬಾಗಿಲು ದಾಟಿಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಬೆಕ್ಕು ಸಾಕಿದ್ದರೆ ಟೀ ಟ್ರೀ ತೈಲ ಮನೆಯೊಳಗೇ ಬೇಡ, ಅದರ ಲಿವರ್ ಇಂಥವನ್ನು ಸರಿಯಾಗಿ ಅರಗಿಸಿಕೊಳ್ಳಲಾರದು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ವಿದೇಶಿ ಶೀಶೆಗಲ್ಲ, ಊಟಿಯಿಂದ ಎಲ್ಲರೂ ತರುವ ನೀಲಗಿರಿ ಎಣ್ಣೆಗೆ. ಶೀತಕ್ಕೆ ಅಂತ ಅದು ಮಂಚದ ಪಕ್ಕದಲ್ಲೇ ಇರುತ್ತದೆ, ಮುಚ್ಚಳ ಸಡಿಲ. ಚಿಕ್ಕ ಮಗು ಒಂದು ಚಮಚಕ್ಕಿಂತ ಕಡಿಮೆ ಕುಡಿದರೂ ಮಂಪರು, ಫಿಟ್ಸ್ ಬರಬಹುದು. ಕರ್ಪೂರವೂ ಅಷ್ಟೇ ಅಪಾಯ. ಎರಡು ವರ್ಷದೊಳಗಿನ ಕೂಸಿನ ಮೂಗಿಗೆ, ಎದೆಗೆ ಇವನ್ನು ಹಚ್ಚೋದು ಬೇಡ. ಬಿಸಿನೀರಿನ ಪಾತ್ರೆಯ ಮೇಲೆ ಮಕ್ಕಳನ್ನು ಬಗ್ಗಿಸಿ ಹಬೆ ಕೊಡೋದೂ ಬೇಡ, ಪಾತ್ರೆ ಮಗುಚಿ ಮೈ ಸುಡೋದೇ ಹೆಚ್ಚು.

ಶೀಶೆಗಳನ್ನೆಲ್ಲ ಔಷಧಿಯ ಹಾಗೆ ಎತ್ತರದ ಕಪಾಟಲ್ಲಿ, ಬೀಗ ಹಾಕಿಡಿ. ಮಗು ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಲಕ್ಷಣ ಕಾಣಲಿ ಅಂತ ಕಾಯದೆ ನೇರ ಆಸ್ಪತ್ರೆಗೆ ಹೋಗಿ, ಶೀಶೆಯನ್ನೂ ಜೊತೆಗೆ ತಗೊಂಡು ಹೋಗಿ. ಡಾಕ್ಟರಿಗೆ ಮೊದಲು ಬೇಕಾಗೋದು ಅದರ ಲೇಬಲ್ಲೇ.