ಕೊಬ್ಬಿಗೆ ಕೊಬ್ಬೇ ಮದ್ದೇ?

ದೀಪಾವಳಿ ಮುಗಿದ ಮರುದಿನ ಗಂಗೊಳ್ಳಿಯ ನಮ್ಮ ಮನೆಯಲ್ಲಿ ಮೀನೂಟ. ಹಬ್ಬದ ದಿನಗಳಲ್ಲಿ ಬಾಯಿ ಕಟ್ಟಿ ಕೂತಿದ್ದವರೆಲ್ಲ ಎಲೆಯ ಮುಂದೆ ಸಾಲಾಗಿ ಕುಳಿತಿದ್ದರು. ಅಮ್ಮ ಬೈಗೆ ಹುರಿದಿದ್ದಳು. ಮಂಗಳೂರಿನವರು ಬೂತಾಯಿ ಎನ್ನುವುದು ಇದನ್ನೇ. ಮಳೆಗಾಲ ಕಳೆದ ಮೇಲಿನ ಬೈಗೆಯಾದರೆ ಕಾವಲಿಗೆ ಎಣ್ಣೆ ತೋರಿಸಿದರೆ ಸಾಕು, ಮಿಕ್ಕಿದ್ದನ್ನು ಮೀನೇ ಬಿಟ್ಟುಕೊಳ್ಳುತ್ತದೆ.

ಬೆಂಗಳೂರಿನಿಂದ ಬಂದಿದ್ದ ಭಾವ ತಮ್ಮ ಪಾಲಿನ ಎರಡು ಮೀನನ್ನು ಎಲೆಯ ಅಂಚಿಗೆ ಸರಿಸಿದರು. "ಬೇಡ ಅತ್ತೆ, ಡಯೆಟ್‌ನಲ್ಲಿದ್ದೇನೆ. ಇದರಲ್ಲಿ ಫ್ಯಾಟ್ ಜಾಸ್ತಿ." ಅಷ್ಟು ಹೇಳಿ ಚೀಲದಿಂದ ಒಂದು ಬಾಟಲಿ ತೆಗೆದು, ಜೇನುಬಣ್ಣದ ಎರಡು ಕ್ಯಾಪ್ಸೂಲ್ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಏನು ಭಾವ ಅದು?"

"ಫಿಶ್ ಆಯಿಲ್. ಒಮೆಗಾ ತ್ರೀ. ದಿನಕ್ಕೆ ಆರು. ಹೊಟ್ಟೆ ಕರಗುತ್ತದೆ."

ಎಲೆಯ ಮೇಲಿನ ಮೀನಿನ ಎಣ್ಣೆ ಹೊಟ್ಟೆ ಬರಿಸುತ್ತದೆ, ಬಾಟಲಿಯ ಮೀನಿನ ಎಣ್ಣೆ ಹೊಟ್ಟೆ ಕರಗಿಸುತ್ತದೆ! ನಾನು ಬಳೆಯಲ್ಲಿದ್ದ ಪಿನ್ ತೆಗೆದು ಒಂದು ಕ್ಯಾಪ್ಸೂಲಿಗೆ ಚುಚ್ಚಿ ಚಮಚಕ್ಕೆ ಹಿಂಡಿದೆ. ತೆಳು ಹಳದಿ ಎಣ್ಣೆ. ಅಮ್ಮ ಹತ್ತಿರ ಬಂದು ಮೂಸಿದಳು. "ಇದ್ ದೋಣಿಗೆ ಬಳೂ ಎಣ್ಣಿ ಅಲ್ದಾ ಮಗಾ?" ಎಂದಳು. ಕರಾವಳಿಯಲ್ಲಿ ಮರದ ದೋಣಿಗೆ ಬೈಗೆ ಎಣ್ಣೆ ಬಳಿಯುವುದನ್ನು ನೋಡಿ ಬೆಳೆದವಳು ಅವಳು. ಭಾವ ನಗಲಿಲ್ಲ. ನನಗೂ ಆಮೇಲೆ ನಗು ಬರಲಿಲ್ಲ, ಏಕೆಂದರೆ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲಲ್ಲ. ವಾಕಿಂಗ್ ಗೆಳತಿಯರಿಂದ, ಜಿಮ್ಮಿನ ಹುಡುಗರಿಂದ, ಮೀನಿನ ವಾಸನೆಗೇ ಮೂಗು ಮುಚ್ಚಿಕೊಳ್ಳುವ ಸಸ್ಯಾಹಾರಿ ನೆರೆಮನೆಯವರಿಂದಲೂ ಕೇಳಿದ್ದೇನೆ. ಕ್ಯಾಪ್ಸೂಲ್ ಆದಮೇಲೆ ಅದು ಮೀನಲ್ಲವಂತೆ.

ಮೊದಲು ಲೆಕ್ಕ. ಮೀನಿನದಾಗಲಿ, ಶೇಂಗಾದ್ದಾಗಲಿ, ಒಂದು ಗ್ರಾಂ ಎಣ್ಣೆಯಲ್ಲಿರುವುದು 9 ಕ್ಯಾಲೊರಿ. ಬಾಟಲಿಯ ಮುಂದೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಎಂದು ಬರೆದಿತ್ತು, ಅಂದರೆ ಒಂದು ಗ್ರಾಂ. ದಿನಕ್ಕೆ ಆರು ನುಂಗಿದರೆ 54 ಕ್ಯಾಲೊರಿ, ಒಂದು ಟೀ ಚಮಚ ಅಡುಗೆ ಎಣ್ಣೆಗಿಂತ ಹೆಚ್ಚು. ಭಾವ ತೂಕ ಇಳಿಸಲೆಂದು ದಿನವೂ ಒಂದು ಚಮಚ ಎಣ್ಣೆ ಕುಡಿಯುತ್ತಿದ್ದರು. ಹೀಗೆ ಹೇಳಿದರೆ ಯಾರಿಗಾದರೂ ವಿಚಿತ್ರವೆನಿಸುತ್ತದೆ, ಕ್ಯಾಪ್ಸೂಲಿನೊಳಗೆ ಹಾಕಿ ಕೊಟ್ಟರೆ ಅನಿಸುವುದಿಲ್ಲ.

ಬಾಟಲಿಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇನ್ನೊಂದು ಲೆಕ್ಕವಿತ್ತು. ಇಪಿಎ 180 ಮಿಲಿಗ್ರಾಂ, ಡಿಎಚ್‌ಎ 120 ಮಿಲಿಗ್ರಾಂ. ಒಮೆಗಾ 3 ಎಂದು ಹೆಸರುವಾಸಿಯಾದವು ಇವೇ. ಎರಡೂ ಕೂಡಿ 300. ಉಳಿದ 700? ಅದೂ ಮೀನಿನ ಎಣ್ಣೆಯೇ, ಆದರೆ ಯಾವುದಕ್ಕಾಗಿ ದುಡ್ಡು ಕೊಟ್ಟಿರೋ ಅದಲ್ಲ. ಸಾಮಾನ್ಯ ದರ್ಜೆಯ ಹೆಚ್ಚಿನ ಕ್ಯಾಪ್ಸೂಲುಗಳ ಹಣೆಬರಹ ಇಷ್ಟೇ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಶುದ್ಧ ಸುಳ್ಳು ಇಷ್ಟು ವರ್ಷ ಬಾಳುವುದಿಲ್ಲ. ಒಂದು ನಿಜ ದಾರಿಯಲ್ಲಿ ಒಂದೊಂದೇ ಪದ ಕಳೆದುಕೊಂಡು ಬಂದಾಗ ಇಂಥವು ಹುಟ್ಟುತ್ತವೆ.

ಮೊದಲು ಕಳೆದುಹೋದ ಪದ "ರಕ್ತದ". ಮೀನೆಣ್ಣೆ ರಕ್ತದ ಕೊಬ್ಬು ಇಳಿಸುತ್ತದೆ ಎಂಬುದು ನಿಜ. ಟ್ರೈಗ್ಲಿಸರೈಡ್ ಎಂಬ ಈ ಕೊಬ್ಬು ಮಿತಿಮೀರಿದವರಿಗೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಒಮೆಗಾ 3 ಕೊಡುವ ಔಷಧಕ್ಕೆ ಅಮೆರಿಕದ ಎಫ್‌ಡಿಎ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದು ವೈದ್ಯರ ಚೀಟಿಯ ಔಷಧ. ಅಂಥವರು ಈ ಲೇಖನ ಓದಿ ಮಾತ್ರೆ ನಿಲ್ಲಿಸಬೇಡಿ. ಆದರೆ ನಮ್ಮ ಭಾಷೆಯಲ್ಲಿ ರಕ್ತದಲ್ಲಿರುವುದೂ ಕೊಬ್ಬು, ಸೊಂಟದ ಮೇಲಿರುವುದೂ ಕೊಬ್ಬು, ತಲೆಗೇರುವುದೂ ಕೊಬ್ಬು. ವೈದ್ಯರು ಒಂದರ ಬಗ್ಗೆ ಹೇಳಿದ್ದನ್ನು ನಾವು ಇನ್ನೊಂದಕ್ಕೆ ಹಚ್ಚಿಕೊಂಡೆವು. ಮೂರನೆಯದನ್ನು ಇಳಿಸುವ ಕ್ಯಾಪ್ಸೂಲ್ ಬಂದರೆ ಮೊದಲ ಬಾಟಲಿ ನಾನೇ ಕೊಳ್ಳುತ್ತೇನೆ, ಒಂದಿಬ್ಬರಿಗೆ ಕೊಡುವುದಿದೆ.

ಎರಡನೆಯದು "ಇಲಿಗಳಲ್ಲಿ". 2015ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಿಗೆ ಮೀನೆಣ್ಣೆ ಸೇರಿಸಿದ ಕೊಬ್ಬಿನ ಆಹಾರ ತಿನ್ನಿಸಿದರು. ಕೊಬ್ಬನ್ನು ಕೂಡಿಡುವ ಜೀವಕೋಶಗಳು ಕೊಬ್ಬನ್ನು ಉರಿಸುವ ಕೋಶಗಳ ಗುಣ ತೋರಿಸಿದವು. ಮೀನೆಣ್ಣೆ ತಿಂದ ಇಲಿಗಳ ತೂಕ ಉಳಿದವುಗಳಿಗಿಂತ 5ರಿಂದ 10 ಶೇಕಡ ಕಡಿಮೆ ಏರಿತು. ಒಳ್ಳೆಯ ಸಂಶೋಧನೆಯೇ. ಆದರೆ "ಕಡಿಮೆ ಏರಿತು" ಎಂಬುದನ್ನು ಇನ್ನೊಮ್ಮೆ ಓದಿ. ಅವು ತೂಕ ಇಳಿಸಿಕೊಂಡ ಇಲಿಗಳಲ್ಲ, ಜೊತೆಯವರಷ್ಟು ದಪ್ಪಗಾಗದ ಇಲಿಗಳು. ಜಗತ್ತಿನ ಪತ್ರಿಕೆಗಳಲ್ಲಿ ಅದು "ಕೊಬ್ಬು ಉರಿಸುವ ಮೀನೆಣ್ಣೆ" ಎಂದು ಬಂತು. ಇಲಿ ಬಾಲ ಕಳೆದುಕೊಂಡು ಮನುಷ್ಯನಾಗಲು ಒಂದೇ ತಲೆಬರಹ ಸಾಕಾಯಿತು.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿಯಾದ ನಷ್ಟ, "ಬದಲಿಗೆ" ಎಂಬ ಪದ. ಮನುಷ್ಯರ ಮೇಲೆ ನಡೆದ, ಇಂದಿಗೂ ಎಲ್ಲರೂ ಎತ್ತಿ ಹೇಳುವ ಪ್ರಯೋಗ ಫ್ರಾನ್ಸಿನದು, 1997ರದು. ಆರೋಗ್ಯವಂತರು ತಿನ್ನುತ್ತಿದ್ದ ಕೊಬ್ಬಿನಲ್ಲಿ ದಿನಕ್ಕೆ 6 ಗ್ರಾಂ ತೆಗೆದು, ಆ ಜಾಗಕ್ಕೆ 6 ಗ್ರಾಂ ಮೀನೆಣ್ಣೆ ಕೊಟ್ಟರು. ಮೂರು ವಾರದಲ್ಲಿ ಮೈಕೊಬ್ಬು ಸರಾಸರಿ 0.88 ಕಿಲೊ ಇಳಿಯಿತು. ಮೀನೆಣ್ಣೆ ಇಲ್ಲದ ಅವಧಿಯಲ್ಲೂ 0.3 ಕಿಲೊ ಇಳಿದಿತ್ತು. ಅಂತರ ಅರ್ಧ ಕಿಲೊ ಚಿಲ್ಲರೆ. ಭಾಗವಹಿಸಿದವರು ಎಷ್ಟು ಮಂದಿ? ಆರು. ನಮ್ಮ ಆ ದಿನದ ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದರು. ಅದಿರಲಿ, ಅವರು ಬೇರೆ ಕೊಬ್ಬು ತೆಗೆದು ಮೀನೆಣ್ಣೆ ಇಟ್ಟರು, ನಮ್ಮವರು ತುಪ್ಪದ ದೋಸೆ ತಿಂದು ಅದರ ಮೇಲೆ ಮೀನೆಣ್ಣೆ ನುಂಗುತ್ತಾರೆ. ಪ್ರಯೋಗಶಾಲೆಯ "ಬದಲಿಗೆ" ಅಂಗಡಿಗೆ ಬರುವಷ್ಟರಲ್ಲಿ "ಜೊತೆಗೆ" ಆಗಿತ್ತು.

ಆಮೇಲೆ ದೊಡ್ಡ ಪ್ರಯೋಗಗಳೂ ನಡೆದವು. 2007ರಲ್ಲಿ ಆಸ್ಟ್ರೇಲಿಯದಲ್ಲಿ ದಪ್ಪಗಿದ್ದವರಿಗೆ 12 ವಾರ ಮೀನೆಣ್ಣೆ ಕೊಟ್ಟು, ಕೆಲವರನ್ನು ವಾರಕ್ಕೆ ಮೂರು ದಿನ 45 ನಿಮಿಷ ನಡೆಸಿದರು. ಮೈಕೊಬ್ಬು ಅಲ್ಪ ಇಳಿಯಿತು ಎಂಬ ಫಲಿತಾಂಶ ಬಂತು. ಅದನ್ನು ಮುಚ್ಚಿಡುವುದಿಲ್ಲ. ಆದರೆ 2011ರಲ್ಲಿ ಅಮೆರಿಕದ ಡಲ್ಲಾಸ್‌ನ ಕೂಪರ್ ಸಂಸ್ಥೆ ಪ್ರಕಟಿಸಿದ್ದನ್ನೂ ಕೇಳಬೇಕು. 128 ಮಂದಿ, 24 ವಾರ, ಎಲ್ಲರಿಗೂ ಪಥ್ಯ ಮತ್ತು ವ್ಯಾಯಾಮ. ಅರ್ಧ ಜನಕ್ಕೆ ದಿನಕ್ಕೆ 3 ಗ್ರಾಂ ಇಪಿಎ ಮತ್ತು ಡಿಎಚ್‌ಎ, ಇನ್ನರ್ಧಕ್ಕೆ ಜೋಳ ಮತ್ತು ಸೋಯಾ ಎಣ್ಣೆಯ ಕ್ಯಾಪ್ಸೂಲ್, ಯಾರಿಗೆ ಯಾವುದೆಂದು ಅವರಿಗೆ ಗೊತ್ತಿಲ್ಲ. ಎರಡೂ ಗುಂಪಿನವರು ತಮ್ಮ ತೂಕದ 5 ಶೇಕಡಕ್ಕಿಂತ ಹೆಚ್ಚು ಇಳಿಸಿದರು, ಹೆಚ್ಚುಕಡಿಮೆ ಸಮಸಮವಾಗಿ. ಇಳಿಸಿದ್ದು ಪಥ್ಯ ಮತ್ತು ಬೆವರು. ಅಲ್ಲಿ ಮೀನೆಣ್ಣೆ ಮದುವೆ ಮೆರವಣಿಗೆಯಲ್ಲಿ ವಾಲಗದವರ ಜೊತೆ ನಡೆದು ತಾನೇ ಊದಿದೆ ಎನ್ನುವವನಂತೆ. ಅಂದಹಾಗೆ, ಭಾವನ ಬಾಟಲಿಯಿಂದ ಆ 3 ಗ್ರಾಂ ಪಡೆಯಬೇಕಾದರೆ ದಿನಕ್ಕೆ ಹತ್ತು ಕ್ಯಾಪ್ಸೂಲ್ ನುಂಗಬೇಕು.

2015ರಲ್ಲಿ ಇಂಥ 21 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದರು. ದೇಹದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸೊಂಟದ ಸುತ್ತಳತೆಯಲ್ಲಿ ಸ್ವಲ್ಪ ಇಳಿಕೆ. ಮೀನೆಣ್ಣೆ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಅದರ ಕೆಲಸ ಇದಲ್ಲ.

ಇದರಲ್ಲಿ ನನಗೆ ತಮಾಷೆಯಾಗಿ ಕಾಣುವುದು ಇನ್ನೊಂದು. ಒಂದು ಕಾಲಕ್ಕೆ ಮೀನಿನ ಯಕೃತ್ತಿನ ಎಣ್ಣೆ ಕುಡಿಸುತ್ತಿದ್ದದ್ದೇ ಮೈ ತುಂಬಲಿ ಎಂದು. ಎಡಿನ್‌ಬರೋದ ವೈದ್ಯ ಜಾನ್ ಹ್ಯೂಸ್ ಬೆನೆಟ್ 1841ರಲ್ಲಿ ಕಾಡ್ ಲಿವರ್ ಎಣ್ಣೆಯ ಮೇಲೆ ಪುಸ್ತಕವನ್ನೇ ಬರೆದರು. ಕ್ಷಯದಿಂದ ಸೊರಗಿದವರಿಗೆ ಅದನ್ನು ಚಮಚಗಟ್ಟಲೆ ಕುಡಿಸುತ್ತಿದ್ದರು. ಆಳೆತ್ತರದ ಮೀನು ಬೆನ್ನಿಗೆ ಹೊತ್ತ ಬೆಸ್ತನ ಚಿತ್ರವಿದ್ದ ಸ್ಕಾಟ್ಸ್ ಎಮಲ್ಷನ್ ಬಾಟಲಿ ಹಳಬರಿಗೆ ನೆನಪಿರಬಹುದು. ಕಡ್ಡಿಯಂಥ ಮಕ್ಕಳ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದದ್ದು ಅದನ್ನೇ. ಅಜ್ಜಿಯ ಕಾಲಕ್ಕೆ ದಪ್ಪ ಮಾಡುತ್ತಿದ್ದ ಮೀನು ಮೊಮ್ಮಗನ ಕಾಲಕ್ಕೆ ಸಣ್ಣ ಮಾಡುತ್ತಿದೆ. ಮೀನಿಗೆ ಇದು ಗೊತ್ತೇ ಎಂದು ಯಾರೂ ಕೇಳಿಲ್ಲ.

ಉಳಿದ ನಂಬಿಕೆಗಳಿಗೆ ಒಂದೆರಡು ಮಾತು ಸಾಕು.

ಮೀನೆಣ್ಣೆಯೂ ಕಾಡ್ ಲಿವರ್ ಎಣ್ಣೆಯೂ ಒಂದೇ: ಅಲ್ಲ. ಯಕೃತ್ತಿನ ಎಣ್ಣೆಯಲ್ಲಿ ಎ ಮತ್ತು ಡಿ ವಿಟಮಿನ್ ತುಂಬಾ ಇರುತ್ತವೆ. ಎ ವಿಟಮಿನ್ ಮೈಯಲ್ಲಿ ಶೇಖರವಾಗುತ್ತದೆ, ಬಸುರಿಯರಿಗೆ ಅತಿಯಾದರೆ ಅಪಾಯ.

ಅಗಸೆ ಬೀಜ ತಿಂದರೆ ಮೀನೆಣ್ಣೆ ತಿಂದಂತೆಯೇ: ಅಗಸೆಯಲ್ಲಿರುವ ಒಮೆಗಾ 3 ಬೇರೆ ಬಗೆಯದು. ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಇಪಿಎ, ಡಿಎಚ್‌ಎ ಆಗಿ ಪರಿವರ್ತಿಸಿಕೊಳ್ಳುತ್ತದೆ. ಚಟ್ನಿಪುಡಿಗೆ ಮಾತ್ರ ಅಗಸೆಯೇ ಸರಿ.

ನೈಸರ್ಗಿಕವಾದದ್ದು, ಹೆಚ್ಚಾದರೂ ತೊಂದರೆಯಿಲ್ಲ: ಹೃದಯದ ಬಡಿತ ಲಯತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಸಾಧ್ಯತೆ ಒಮೆಗಾ 3 ಔಷಧಗಳಿಂದ ಹೆಚ್ಚುತ್ತದೆ, ದಿನಕ್ಕೆ 4 ಗ್ರಾಂ ಪ್ರಮಾಣದಲ್ಲಿ ಅತಿ ಹೆಚ್ಚು ಎಂದು ಯುರೋಪಿನ ಔಷಧ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ.

ಬಿಸಿನೀರಿಗೆ ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ: ಒಂದು ದೊಡ್ಡ ಚಮಚ ಜೇನಿನಲ್ಲಿ 60 ಕ್ಯಾಲೊರಿಗೂ ಹೆಚ್ಚಿದೆ. ಕರಗುವುದು ಜೇನು.

ಆಪಲ್ ಸೈಡರ್ ವಿನೆಗರ್ ಕುಡಿದರೆ ತೂಕ ಇಳಿಯುತ್ತದೆ: ಲೆಬನಾನಿನ ಯುವಜನರ ಮೇಲೆ ನಡೆಸಿ 2024ರಲ್ಲಿ ಭಾರಿ ಸುದ್ದಿ ಮಾಡಿದ ಅಧ್ಯಯನವನ್ನು 2025ರಲ್ಲಿ ಪ್ರಕಟಿಸಿದ ವಿಜ್ಞಾನ ಪತ್ರಿಕೆಯೇ ಹಿಂತೆಗೆದುಕೊಂಡಿತು. ಸುದ್ದಿ ಓದಿದವರು ಸಾವಿರ, ಹಿಂತೆಗೆದದ್ದನ್ನು ಓದಿದವರು ಎಷ್ಟೋ.

ನಮ್ಮ ದೇಶದಲ್ಲಿ 1954ರಿಂದಲೇ ಒಂದು ಕಾನೂನಿದೆ. ಕೆಲವು ಕಾಯಿಲೆಗಳನ್ನು ವಾಸಿಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ಆ ಪಟ್ಟಿಯಲ್ಲಿ ಬೊಜ್ಜೂ ಇದೆ. ಅದಕ್ಕೇ ಇಂಥ ಬಾಟಲಿಗಳ ಮೇಲೆ "ಬೊಜ್ಜು ಕರಗಿಸುತ್ತದೆ" ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಬದಲಿಗೆ ಸಪಾಟು ಹೊಟ್ಟೆಯ ಹುಡುಗನೊಬ್ಬ ಓಡುತ್ತಿರುತ್ತಾನೆ. ಉಳಿದದ್ದನ್ನು ನಾವೇ ಓದಿಕೊಳ್ಳುತ್ತೇವೆ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ "ಔಷಧೀಯ ಬಳಕೆಗಲ್ಲ" ಎಂದು ಇಂಗ್ಲಿಷಿನಲ್ಲಿ ಇರುತ್ತದೆ, ಅದನ್ನು ಮಾತ್ರ ಓದುವುದಿಲ್ಲ.

ನನ್ನ ಸಿಟ್ಟು ಮೀನೆಣ್ಣೆಯ ಮೇಲಲ್ಲ. ಏನನ್ನಾದರೂ ಬಿಡು ಎಂದರೆ ನಮಗೆ ಕಷ್ಟ, ಏನನ್ನಾದರೂ ಸೇರಿಸಿಕೋ ಎಂದರೆ ಬಲು ಖುಷಿ. ಸಂಜೆಯ ಬೋಂಡಾ ಬಿಡುವುದಕ್ಕೆ ದುಡ್ಡು ಬೇಕಿಲ್ಲ, ಆದ್ದರಿಂದ ಅದನ್ನು ಯಾರೂ ಮಾರುವುದಿಲ್ಲ. ಮಾರುವವರಿಲ್ಲದ ಉಪಾಯದ ಮೇಲೆ ನಮಗೆ ನಂಬಿಕೆಯೂ ಬರುವುದಿಲ್ಲ.

ಆ ಮೀನೂಟದ ಮರುದಿನ ಬೆಳಗ್ಗೆ ಭಾವನನ್ನು ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿದ್ದೆ. ಅವರು ಬಂಗುಡೆಯ ಕಿವಿರು ಎತ್ತಿ ಕೆಂಪು ನೋಡಿದರು, ಕಣ್ಣು ನೋಡಿದರು, ಹೊಟ್ಟೆ ಒತ್ತಿದರು. "ನಿನ್ನೆಯದು" ಎಂದರು. ಮೀನಿನ ಹೆಂಗಸು ಗಂಗಮ್ಮನ ಮೇಲೆ ಆಣೆಯಿಟ್ಟರೂ ಒಪ್ಪಲಿಲ್ಲ. ಕೊನೆಗೆ ಬುಟ್ಟಿಯ ತಳದಿಂದ ಬೇರೆ ಮೀನು ತೆಗೆಸಿ, ಇಪ್ಪತ್ತು ರೂಪಾಯಿ ಕಡಿಮೆ ಮಾಡಿಸಿಯೇ ಬಿಟ್ಟರು. ಸಾವಿರ ಚಿಲ್ಲರೆ ಕೊಟ್ಟು ತಂದ ಬಾಟಲಿಯನ್ನು ಇವರು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಮೀನಿಗೆ ತೋರಿಸಿದ ಅನುಮಾನದಲ್ಲಿ ಕಾಲುಪಾಲನ್ನು ಮೀನೆಣ್ಣೆಗೆ ತೋರಿಸಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ.

ಭಾವ ಹೋಗುವಾಗ ಬಾಟಲಿ ಮರೆತುಹೋದರು, ಅಥವಾ ಮರೆತಂತೆ ಮಾಡಿದರು. ಬಿಸಾಡಲು ಅಮ್ಮನಿಗೆ ಮನಸ್ಸಿಲ್ಲ. ಹಿತ್ತಿಲ ಬಾಗಿಲ ಕೀಲಿಗೆ ವಾರಕ್ಕೊಂದು ಕ್ಯಾಪ್ಸೂಲ್ ಒಡೆದು ಬಿಡುತ್ತಾಳೆ. ಕಿರುಗುಟ್ಟುವುದು ನಿಂತಿದೆಯಂತೆ. ಆದರೆ ಬೆಕ್ಕು ಆ ಬಾಗಿಲು ಬಿಟ್ಟು ಕದಲುತ್ತಿಲ್ಲವಂತೆ.