160 ಅಡಿಯ ಸಂಸಾರ 40 ಮಹಡಿ ಹತ್ತಿತು! ಲಿಫ್ಟಿನ ಖರ್ಚು ಯಾರದು?

ಪೇಟೆಯ ಸಾಧಾರಣ ಜಿನಸಿ ಅಂಗಡಿಯೊಂದನ್ನು ನೆನೆಸಿಕೊಳ್ಳಿ. ಹತ್ತು ಅಡಿ ಅಗಲ, ಹದಿನಾರು ಅಡಿ ಉದ್ದ. ಅಕ್ಕಿ ಮೂಟೆ, ಬೆಲ್ಲದ ಡಬ್ಬ, ಎಣ್ಣೆ ಟಿನ್ನು, ಗಲ್ಲಾಪೆಟ್ಟಿಗೆ ಇಷ್ಟು ಇಟ್ಟರೆ ಸಾಹುಕಾರರಿಗೆ ತಿರುಗಿ ನಿಲ್ಲಲೂ ಜಾಗ ಸಾಲದು. ಅಷ್ಟೇ ಜಾಗದಲ್ಲಿ ಅಜ್ಜ, ಅಜ್ಜಿ, ಮಗ, ಸೊಸೆ, ಮಕ್ಕಳು, ಅದರ ಮೇಲೆ ಊರಿಂದ ಕೆಲಸ ಹುಡುಕಿಕೊಂಡು ಬಂದ ಅಣ್ಣನ ಮಗ! ಅಡುಗೆ ಅಲ್ಲೇ, ಓದು ಅಲ್ಲೇ, ಬಾಣಂತನ ಅಲ್ಲೇ, ಸಾವೂ ಅಲ್ಲೇ. ಮುಂಬಯಿಯ ಬಿ.ಡಿ.ಡಿ. ಚಾಳಗಳಲ್ಲಿ ಮೂರು ತಲೆಮಾರು ಬಾಳಿದ್ದು ಹೀಗೆ. ಕೋಣೆಯ ಅಳತೆ 160 ಚದರ ಅಡಿ.

ಈ ಚಾಳಗಳ ಪೈಕಿ ವರ್ಲಿಯವರಿಗೆ 2025ರ ಆಗಸ್ಟ್ 14ರಂದು ಒಂದು ದೊಡ್ಡ ದಿನ. ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸ್ 556 ಸಂಸಾರಗಳಿಗೆ ಹೊಸ ಮನೆಯ ಚಾವಿ ಕೊಟ್ಟರು. 500 ಚದರ ಅಡಿ, ಎರಡು ಮಲಗುವ ಕೋಣೆ, ಒಳಗೇ ಶೌಚಾಲಯ, ಲಿಫ್ಟು. ಬಾಡಿಗೆಗಲ್ಲ ಸ್ವಾಮಿ, ಸ್ವಂತಕ್ಕೆ! ದುಡ್ಡು? ಒಂದು ಕಾಸೂ ಇಲ್ಲ. ಕಟ್ಟಡ ಮಾತ್ರ 40 ಮಹಡಿಯದು.

ಕರಾವಳಿಯಿಂದ ಸಂಜೆಯ ಬೊಂಬಾಯಿ ಬಸ್ಸು ಹತ್ತಿ ಹೋದವರ ಮನೆಗಳಲ್ಲಿ ‘ಚಾಳ’ ಎಂಬ ಮಾತು ಹೊಸದಲ್ಲ. ಹೋಟೆಲಿನ ಕೆಲಸಕ್ಕೆ ಹೋದ ಹುಡುಗ ಬರೆದ ಕಾಗದದ ಮೇಲೂ ಅದೇ ವಿಳಾಸ: ಚಾಳ ಇಷ್ಟನೇ ನಂಬರು, ಕೋಣೆ ಇಷ್ಟನೇ ನಂಬರು. ಆದರೆ ಚಾಳಗಳಲ್ಲೂ ಎರಡು ಬಗೆ. ಸಾಹುಕಾರರು ಬಾಡಿಗೆಯ ಆಸೆಗೆ ಕಟ್ಟಿಸಿದ್ದು ಒಂದು. ಸರಕಾರವೇ ಕಟ್ಟಿಸಿದ್ದು ಇನ್ನೊಂದು. ಬಿ.ಡಿ.ಡಿ. ಎರಡನೆಯ ಜಾತಿಯದು. ಸರಕಾರ ಬಡವರಿಗೆ ಮನೆ ಕಟ್ಟಿಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಷ್ಟು ಉದ್ದದ ಲೆಕ್ಕಪುಸ್ತಕ ನಮ್ಮ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಹತ್ತಿ ಮೂಟೆಗೆ ಒಂದು ರೂಪಾಯಿ

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಓಣಿಗಳನ್ನು ಕೆಡವಬೇಕೆಂದು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಟ್ರಸ್ಟಿನವರೂ ಒಂದಷ್ಟು ಚಾಳ ಕಟ್ಟಿದರು. ಡಾ. ಬಿ.ಆರ್. ಅಂಬೇಡ್ಕರ್ ದಾದರಿನ ‘ರಾಜಗೃಹ’ಕ್ಕೆ ಹೋಗುವ ಮುಂಚೆ ವರ್ಷಗಟ್ಟಲೆ ಇದ್ದದ್ದು ಪರೇಲಿನಲ್ಲಿ ಈ ಟ್ರಸ್ಟಿನದೇ ಚಾಳದ ಎರಡು ಕೋಣೆಗಳಲ್ಲಿ. ಆದರೆ ಕೆಡವಿದ್ದು ಜಾಸ್ತಿ, ಕಟ್ಟಿದ್ದು ಕಮ್ಮಿ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಮಿಲ್ಲಿನ ಆಳುಗಳಿಗೆ ತಲೆ ಊರಲು ಜಾಗವಿಲ್ಲ, ಬಾಡಿಗೆ ಗಗನಕ್ಕೆ.

ಆಗಿನ ಗವರ್ನರು ಜಾರ್ಜ್ ಲಾಯ್ಡ್ ಸಾಹೇಬರು. 1920ರಲ್ಲಿ ಅವರು ಹೊಸದೊಂದು ಇಲಾಖೆಯನ್ನೇ ತೆರೆದರು. ಅದೇ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್, ಜನರ ಬಾಯಲ್ಲಿ ಬಿ.ಡಿ.ಡಿ. ಕೂಲಿಗಾರರಿಗಾಗಿ 50 ಸಾವಿರ ಕೋಣೆ ಕಟ್ಟುತ್ತೇವೆ ಎಂದು ಸಾರಿದರು. ದುಡ್ಡಿಗೆ ದಾರಿ? ಪಟ್ಟಣಕ್ಕೆ ಬರುವ ಹತ್ತಿಯ ಮೇಲೆ ಮೂಟೆಗೆ ಒಂದು ರೂಪಾಯಿ ಸುಂಕ! ವರ್ತಕರು ಗೊಣಗಿದರೂ ಕೊಟ್ಟರು.

ಇದೇ ಇಲಾಖೆಯ ಇನ್ನೊಂದು ಕೈ ಸಮುದ್ರ ತುಂಬಿಸಲು ಹೊರಟಿತ್ತು. ಬ್ಯಾಕ್ ಬೇ ಎಂಬ ಕಡೆ ಮಣ್ಣು ಸುರಿದಷ್ಟೂ ದುಡ್ಡು ನೀರಿಗೆ ಹೋಯಿತು. ವಕೀಲ ಕೆ.ಎಫ್. ನಾರಿಮನ್ ಈ ಅವ್ಯವಹಾರವನ್ನು ಬಯಲಿಗೆಳೆದರು. ಅವರ ಮೇಲೆ ಮಾನನಷ್ಟದ ಮೊಕದ್ದಮೆ ಬಿತ್ತು, ಗೆದ್ದು ಬಂದರು. ಇಂದಿನ ನಾರಿಮನ್ ಪಾಯಿಂಟಿಗೆ ಅವರದೇ ಹೆಸರು. ಸಮುದ್ರ ನುಂಗಿದ ದುಡ್ಡಿನ ಗಲಾಟೆಯಲ್ಲಿ ಚಾಳಗಳ ಕಡೆ ಯಾರೂ ಅಷ್ಟಾಗಿ ನೋಡಲಿಲ್ಲ.

50 ಸಾವಿರ ಎಂದದ್ದು ಕೊನೆಗೆ 16 ಸಾವಿರದ ಆಸುಪಾಸಿಗೆ ನಿಂತಿತು. ಒಟ್ಟು 207 ಚಾಳ. ವರ್ಲಿಯಲ್ಲಿ 121, ನಾಯ್‌ಗಾಂವ್‌ನಲ್ಲಿ 42, ಡಿಲೈಲ್ ರೋಡಿನಲ್ಲಿ 32, ಶಿವಡಿಯಲ್ಲಿ 12. ನೆಲ ಅಂತಸ್ತಿನ ಮೇಲೆ ಮೂರು ಮಹಡಿ, ಒಂದು ಚಾಳಕ್ಕೆ 80 ಕೋಣೆ, ನಡುವೆ ಉದ್ದದ ಓಣಿ, ಮಹಡಿಯವರಿಗೆಲ್ಲ ಸೇರಿ ಶೌಚಾಲಯ. ಗೋಡೆಯೂ ಕಾಂಕ್ರೀಟು, ಚಾವಣಿಯೂ ಕಾಂಕ್ರೀಟು. ಆ ಕಾಲಕ್ಕೆ ಅದು ಹೊಸ ವಿದ್ಯೆ.

ಕರೆದರೂ ಬಾರದ ಬಾಡಿಗೆದಾರ

ತಮಾಷೆ ಇರುವುದು ಇಲ್ಲಿ. ಮನೆಯಿಲ್ಲದೆ ಜನ ಫುಟ್‌ಪಾತಿನಲ್ಲಿ ಮಲಗುತ್ತಿದ್ದ ಊರಿನಲ್ಲಿ, ಜನರಿಗಾಗಿಯೇ ಕಟ್ಟಿದ ಕೋಣೆಗಳು ಖಾಲಿ ಬಿದ್ದವು! ಅದರಲ್ಲೂ ವರ್ಲಿಯವು.

ಯಾಕೆ? ಮಿಲ್ಲಿನ ಕೂಲಿಗೆ ಆ ಬಾಡಿಗೆ ಹೊರೆ. ವರ್ಲಿ ಆಗ ಊರಾಚೆ. ಹತ್ತಿರದಲ್ಲಿ ಅಂಗಡಿ ಇಲ್ಲ, ಮಾರುಕಟ್ಟೆ ಇಲ್ಲ. ಪಾಳಿ ಮುಗಿಸಿ ನಡೆದುಕೊಂಡು ಬರಬೇಕು. ಕಾಂಕ್ರೀಟಿನ ಪೆಟ್ಟಿಗೆಯೊಳಗೆ ಗಾಳಿ ಆಡದು ಎಂಬ ದೂರು ಬೇರೆ. ಇದಕ್ಕಿಂತ ಮಿಲ್ಲಿನ ಬೆನ್ನಿಗೆ ಅಂಟಿದ ಹಳೆಯ ಕತ್ತಲೆ ಕೋಣೆಯೇ ವಾಸಿ ಎಂದರು ಆಳುಗಳು. ಅಲ್ಲಿ ಸಾಲ ಕೊಡುವ ಅಂಗಡಿ ಇತ್ತು, ಊರಿನವರಿದ್ದರು, ಕೆಲಸ ಕೊಡಿಸುವ ಜಾಬರನ ಕಣ್ಣಿಗೆ ಬೀಳಬಹುದಿತ್ತು. ಅಂಗಡಿ ಇಡುವವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಗಿರಾಕಿ ಬರುವುದು ಗೋಡೆ ನೋಡಿ ಅಲ್ಲ, ದಾರಿ ನೋಡಿ. ಸರಕಾರಕ್ಕೆ ತಿಳಿಯಲು ವರ್ಷಗಳೇ ಹಿಡಿದವು. ಬಾಡಿಗೆ ಇಳಿಸುತ್ತಾ ಬಂದರೂ ವರ್ಲಿ ತುಂಬಲಿಲ್ಲ.

ಕೊನೆಗೆ ತುಂಬಿದವರು ಯಾರು ಗೊತ್ತೇ? ಕೈದಿಗಳು! ಕಾನೂನು ಭಂಗ ಚಳವಳಿಯ ಕಾಲಕ್ಕೆ, 1930ರ ದಶಕದ ಆರಂಭದಲ್ಲಿ, ಜೈಲುಗಳಲ್ಲಿ ಜಾಗ ಸಾಲದೆ ಸತ್ಯಾಗ್ರಹಿಗಳನ್ನು ವರ್ಲಿ ಚಾಳಗಳಿಗೆ ತಂದು ಕೂಡಿದರು. ಹತ್ತಿಯ ಸುಂಕದಿಂದ ಕಟ್ಟಿದ ಮನೆಗೆ ಖಾದಿ ತೊಟ್ಟವರು ಮೊದಲು ಸೇರಿದ್ದು ಹೀಗೆ.

ಒಂದು ಕೋಣೆ, ಎರಡು ಪಾಳಿ

ಆಮೇಲೆ ಊರು ಬೆಳೆದು ವರ್ಲಿಯನ್ನು ನುಂಗಿತು. ಕೊಂಕಣದವರು, ಘಟ್ಟದ ಮೇಲಿನವರು, ಮಿಲ್ಲಿನವರು, ಮುನಿಸಿಪಾಲಿಟಿಯವರು ಎಲ್ಲ ಬಂದರು. ಪೊಲೀಸರಿಗೂ ಇಲ್ಲೇ ವಸತಿ. ಖಾಲಿ ಬಿದ್ದಿದ್ದ ಕೋಣೆಗೆ ಈಗ ಶಿಫಾರಸು ಬೇಕಾಯಿತು.

ಗಿರಣಗಾಂವ್, ಅಂದರೆ ಮಿಲ್ಲುಗಳ ಊರು. ಮಧ್ಯ ಮುಂಬಯಿಯ ಈ ಪ್ರದೇಶದಲ್ಲಿ ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುತ್ತಿದ್ದ. ಸಂಸಾರ ಊರಲ್ಲಿ ಬಿಟ್ಟು ಬಂದವರಿಗೆ ಊಟ ಹಾಕುತ್ತಿದ್ದವರು ಚಾಳದ ಹೆಂಗಸರು. ಖಾನಾವಳಿ! ತಿಂಗಳ ಲೆಕ್ಕ, ಸಂಬಳದ ದಿನ ಪಾವತಿ. ದಿನಸಿಯನ್ನು ಸಾಲ ತಂದು, ಬಡ್ಡಿ ಕಟ್ಟಿ, ಹತ್ತಿಪ್ಪತ್ತು ಜನಕ್ಕೆ ಭಾಕ್ರಿ ತಟ್ಟುತ್ತಿದ್ದ ಈ ಹೆಂಗಸರನ್ನು ಪ್ರೇಮಾ ಪುರವ ಅವರು 1975ರಲ್ಲಿ ‘ಅನ್ನಪೂರ್ಣಾ ಮಹಿಳಾ ಮಂಡಳ’ವಾಗಿ ಕಟ್ಟಿದರು. ಬಡ್ಡಿ ಸಾಹುಕಾರನ ಬದಲು ಬ್ಯಾಂಕಿನ ಸಾಲ ಕೊಡಿಸಿದರು. 160 ಅಡಿಯ ಕೋಣೆ ಮನೆ ಮಾತ್ರವಲ್ಲ, ಹೋಟೆಲೂ ಆಗಿತ್ತು ಎಂಬುದನ್ನು ಬ್ಯಾಂಕಿನವರು ಒಪ್ಪಿದ್ದು ಆಗ.

ಚಾಳ ಎಂದರೆ ಒಗ್ಗಟ್ಟು, ಬಾಗಿಲು ಹಾಕದ ಮನೆ, ಗಣಪತಿ, ಜಾಂಬೋರಿ ಮೈದಾನದ ಮೊಸರು ಕುಡಿಕೆ... ಹೀಗೆ ಹಾಡಿ ಹೊಗಳುವವರು ಬಹಳ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಚಾಳಕ್ಕೆ ಚಾಳವೇ ಜಾತಿಯ ಗಡಿ ಇತ್ತು. 1974ರ ಜನವರಿಯಲ್ಲಿ ದಲಿತ ಪ್ಯಾಂಥರ್ಸ್ ಸಭೆಯ ಬೆನ್ನಿಗೆ ಇದೇ ವರ್ಲಿ ಚಾಳಗಳಲ್ಲಿ ಹೊತ್ತಿಕೊಂಡ ಗಲಭೆ ಅಷ್ಟು ಬೇಗ ಆರಲಿಲ್ಲ. ಒಂದೇ ನಲ್ಲಿಯ ನೀರು ಕುಡಿದವರು ಕಲ್ಲು ಹಿಡಿದು ನಿಂತರು. ಸಾಮೂಹಿಕ ಶೌಚಾಲಯದ ಮುಂದೆ ಬೆಳಿಗ್ಗೆ ಐದಕ್ಕೆ ಸರದಿ ನಿಂತ ಹೆಂಗಸಿಗೆ ಚಾಳದ ಒಗ್ಗಟ್ಟಿನ ವರ್ಣನೆ ಓದಿ ಹೇಳಿದರೆ ಏನಂದಾಳು?

ಮಿಲ್ಲು ಮುಚ್ಚಿತು, ನೆಲ ಎದ್ದಿತು

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಸೈರನ್ನು ನಿಂತಿತು. ಖಾನಾವಳಿಯ ಒಲೆಗಳು ಆರಿದವು. ಉಳಿದದ್ದು ಒಂದೇ: ತೀರಾ ಅಗ್ಗದ ಬಾಡಿಗೆಯ ಆ ಕೋಣೆ. ಕೆಲಸ ಹೋದವನಿಗೆ ಅದೇ ಪಿಂಚಣಿ.

ಆಮೇಲೆ ಮಿಲ್ಲಿನ ನೆಲಕ್ಕೆ ಚಿನ್ನದ ಬೆಲೆ ಬಂತು. ಫೀನಿಕ್ಸ್ ಮಿಲ್ಲು ಮಾಲ್ ಆಯಿತು. ಲೋವರ್ ಪರೇಲ್ ತುಂಬ ಗಾಜಿನ ಆಫೀಸುಗಳು. ಡಿಲೈಲ್ ರೋಡಿಗೆ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಹೆಸರೇನೋ ಬಂತು, ಕಾರ್ಮಿಕರು ಮಾತ್ರ ಕಾಣೆಯಾದರು. ಇಷ್ಟರ ನಡುವೆ ಚಾಳಗಳು ಹಾಗೇ ನಿಂತಿದ್ದವು. ಕಾಂಕ್ರೀಟು ಉದುರುತ್ತಿತ್ತು, ಒಳಗಿನ ಕಬ್ಬಿಣ ತುಕ್ಕು ಹಿಡಿದು ಇಣುಕುತ್ತಿತ್ತು. ಲೋಕೋಪಯೋಗಿಯವರು ತೇಪೆ ಹಾಕಿ ಹೋಗುತ್ತಿದ್ದರು. ಅವರನ್ನು ದೂರಿಯೂ ಪ್ರಯೋಜನವಿಲ್ಲ. ಅಂಥ ಬಾಡಿಗೆಯಲ್ಲಿ ಸುಣ್ಣದ ಖರ್ಚೂ ಹುಟ್ಟುತ್ತಿರಲಿಲ್ಲ.

ಕೆಡವಿ ಕಟ್ಟುವ ಮಾತು ಎಷ್ಟು ಚುನಾವಣೆ ಕಂಡಿತೋ! ಕೊನೆಗೆ ಮಹಾರಾಷ್ಟ್ರದ ವಸತಿ ಮಂಡಳಿ ‘ಮ್ಹಾಡಾ’ಕ್ಕೆ ಕೆಲಸ ವಹಿಸಿದರು. 2017ರ ಏಪ್ರಿಲ್‌ನಲ್ಲಿ ಭೂಮಿಪೂಜೆ. ಸರಕಾರ ಬದಲಾಯಿತು, 2021ರ ಆಗಸ್ಟ್‌ನಲ್ಲಿ ಉದ್ಧವ್ ಠಾಕ್ರೆಯವರಿಂದ ವರ್ಲಿಯಲ್ಲಿ ಮತ್ತೊಂದು ಸಮಾರಂಭ. ಮತ್ತೆ ಸರಕಾರ ಬದಲಾಯಿತು. ಚಾವಿ ಸಿಕ್ಕಿದ್ದು 2025ಕ್ಕೆ. ಪೂಜೆ ಮಾಡಿದವರಿಗೇ ಚಾವಿ ಕೊಡುವ ಯೋಗವೂ ಒದಗಿತು. ವರ್ಲಿ, ನಾಯ್‌ಗಾಂವ್, ಎನ್.ಎಂ. ಜೋಶಿ ಮಾರ್ಗ ಮೂರೂ ಸೇರಿ ಮನೆ ಕೊಡಬೇಕಾದದ್ದು 15,593 ಬಾಡಿಗೆದಾರರಿಗೆ. ಮೊದಲ ಕಂತಿನ 556ನ್ನು ಅದರ ಪಕ್ಕ ಇಟ್ಟು ನೋಡಿ.

ಪುಕ್ಕಟೆ ಮನೆಯ ದುಡ್ಡು ಎಲ್ಲಿಂದ? ಅದೇ ನೆಲದ ಒಂದು ಪಾಲಿನಲ್ಲಿ ಮಾರಾಟದ ಮನೆಗಳನ್ನು ಕಟ್ಟಿ, ಬಂದ ದುಡ್ಡಿನಲ್ಲಿ ಇವರ ಮನೆ. ಅದಕ್ಕೇ ಮೂರು ಮಹಡಿಯ ಜಾಗದಲ್ಲಿ ನಲವತ್ತು. ಗೋಪುರಗಳು ಇಷ್ಟು ಒತ್ತಾದರೆ ಕೆಳಗಿನವರಿಗೆ ಗಾಳಿ ಬೆಳಕು ಎಲ್ಲಿ ಎಂದು ನವಿ ಮುಂಬಯಿಯ ಯೋಜಕರಲ್ಲಿ ಒಬ್ಬರಾದ ಎಂಜಿನಿಯರ್ ಶಿರೀಶ್ ಪಟೇಲ್ ಕೋರ್ಟಿಗೂ ಹೋಗಿದ್ದರು. ಯೋಜನೆ ನಿಲ್ಲಲಿಲ್ಲ. 1920ರ ಕಾಂಕ್ರೀಟು ಪೆಟ್ಟಿಗೆಗೂ ಇದೇ ದೂರು ಇತ್ತಲ್ಲ!

ಪೊಲೀಸರದು ಬೇರೆ ಪಂಚಾಯಿತಿ. ಸುಮಾರು 2,900 ಕೋಣೆಗಳು ಅವರ ಇಲಾಖೆಯವು. ನಿವೃತ್ತಿಯಾದರೂ ಬಿಡದೆ ಇದ್ದವರು, ತೀರಿಕೊಂಡವರ ಮನೆಯವರು ‘ನಮಗೂ ಮನೆ ಕೊಡಿ’ ಎಂದರು. ಮೊದಲು 50 ಲಕ್ಷ ಕೊಡಿ ಎಂದಿತು ಸರಕಾರ, ಆಮೇಲೆ 25 ಎಂದಿತು, 2022ರಲ್ಲಿ 15 ಲಕ್ಷಕ್ಕೆ ಇಳಿಯಿತು. ಪಕ್ಕದ ಕೋಣೆಯ ಮಿಲ್ಲಿನವನಿಗೆ ಪುಕ್ಕಟೆ, ಹವಾಲ್ದಾರನ ಮನೆಯವಳಿಗೆ 15 ಲಕ್ಷ. ಕೋಣೆ ಕೆಲಸದ ಜೊತೆಗೆ ಬಂದದ್ದು ಎಂಬುದು ಸರಕಾರದ ವಾದ. ವಾದ ಸರಿಯೇ. ಆದರೆ ಓಣಿಯಲ್ಲಿ ಎದುರು ಬದುರು ಬಾಳಿದವರಿಗೆ ಅದನ್ನು ತಿಳಿಸಿ ಹೇಳುವುದು ಸುಲಭವಲ್ಲ.

ಚಾವಿ ಸಿಕ್ಕಿತು, ಮುಂದೆ?

ಮನೆ ಮಾರಬೇಡಿ ಎಂದು ಚಾವಿ ಕೊಟ್ಟ ದಿನವೇ ಮುಖ್ಯಮಂತ್ರಿಗಳು ಬುದ್ಧಿ ಹೇಳಿದರು. ಹೇಳಬೇಕಾದ ಮಾತೇ. ಮಧ್ಯ ಮುಂಬಯಿಯ 500 ಅಡಿ ಮನೆಯ ಬೆಲೆ ಕೇಳಿದರೆ ಯಾರಿಗಾದರೂ ಆಸೆ ಹುಟ್ಟೀತು. ಆದರೆ ಮನೆ ಮಾರಿಸುವುದು ಆಸೆ ಒಂದೇ ಅಲ್ಲ. ಖರ್ಚೂ ಮಾರಿಸುತ್ತದೆ.

ಮೂರು ಮಹಡಿಯ ಚಾಳಕ್ಕೆ ಮೆಟ್ಟಿಲು ಸಾಕಿತ್ತು. ನಲವತ್ತಕ್ಕೆ ಲಿಫ್ಟು ಬೇಕೇ ಬೇಕು. ಅದಕ್ಕೆ ಕರೆಂಟು, ಕರೆಂಟು ಹೋದರೆ ಜನರೇಟರು, ನೀರು ಮೇಲೇರಲು ಪಂಪು, ಬೆಂಕಿ ಬಿದ್ದರೆ ಆರಿಸುವ ಯಂತ್ರ, ಇವೆಲ್ಲ ನೋಡಿಕೊಳ್ಳಲು ಆಳು. ಮೊದಲ 12 ವರ್ಷ ಕಟ್ಟಡದ ದೇಖರೇಖಿ ಯೋಜನೆಯ ಖರ್ಚಿನಲ್ಲೇ ನಡೆಯಬೇಕೆಂಬ ಏರ್ಪಾಡಿದೆ. 2025ಕ್ಕೆ 12 ಕೂಡಿಸಿ, 2037. ಆ ವರ್ಷದಿಂದ ತಿಂಗಳು ತಿಂಗಳು ಸೊಸೈಟಿಯ ಬಿಲ್ಲು ಬಾಗಿಲಿಗೆ ಬರುತ್ತದೆ. ಚಾಳದ ಬಾಡಿಗೆಗೂ ಈ ಬಿಲ್ಲಿಗೂ ಅಜಗಜಾಂತರ.

ಸಂಪಾದಿಸುವ ಮಗನಿರುವ ಮನೆ ಕಟ್ಟೀತು. ಮುಷ್ಕರದಲ್ಲಿ ಕೆಲಸ ಕಳೆದುಕೊಂಡು ಈಗ ಮುದುಕನಾದವನ ಮನೆ? ಹೊಟ್ಟೆಪಾಡಿಗೆ ಡಬ್ಬಿ ಕಟ್ಟಿ ಕೊಡುವ ವಿಧವೆಯ ಮನೆ? ಡಬ್ಬಿ ಒಯ್ಯುವ ಹುಡುಗ ಮೊದಲು ಓಣಿಯಲ್ಲಿ ನಿಂತು ಕೂಗಿದರೆ ಆಗುತ್ತಿತ್ತು. ಈಗ ಕೆಳಗೆ ಕಾವಲುಗಾರನ ಹತ್ತಿರ ಹೆಸರು ಬರೆಸಬೇಕು. ನೂರು ವರ್ಷದ ಹಿಂದೆ ಬಾಡಿಗೆ ಹೊರಲಾರದೆ ಮಿಲ್ಲಿನವನು ಹೊಸ ಕೋಣೆಗೆ ಬರಲಿಲ್ಲ. ಅವನ ಮೊಮ್ಮಗ ಒಳಗೇನೋ ಬಂದಿದ್ದಾನೆ. ಬಿಲ್ಲು ಹೊರಲಾರದೆ ಹೊರಗೆ ಹೋಗದಂತೆ ನೋಡಿಕೊಳ್ಳಲು ಒಂದು ನಿಧಿಯೋ, ಮಾರಾಟದ ಮನೆಗಳ ಲಾಭದಲ್ಲಿ ಒಂದು ಪಾಲೋ, ಕೆಳಗಿನ ಅಂಗಡಿಗಳ ಬಾಡಿಗೆಯೋ, ಏನಾದರೊಂದು ಗಟ್ಟಿ ಆದಾಯವನ್ನು ಈಗಲೇ ಸೊಸೈಟಿಯ ಹೆಸರಿಗೆ ಕಟ್ಟಿಡಬೇಕು. 2036ರಲ್ಲಿ ಸಭೆ ಕರೆದರೆ ಹೊತ್ತು ಮೀರಿರುತ್ತದೆ.

ಇನ್ನು ಶಿವಡಿಯ ಆ 12 ಚಾಳ. ಅವು ನಿಂತಿರುವುದು ಬಂದರು ಟ್ರಸ್ಟಿನ ನೆಲದಲ್ಲಿ, ಅಂದರೆ ಕೇಂದ್ರ ಸರಕಾರದ ಸ್ವತ್ತಿನಲ್ಲಿ. ಆದ್ದರಿಂದ ಉಳಿದ ಮೂರರ ಯೋಜನೆಯಲ್ಲಿ ಅವು ಸೇರಲೇ ಇಲ್ಲ. ಅದೇ ಇಲಾಖೆ, ಅದೇ ಹತ್ತಿಯ ಸುಂಕ, ಅದೇ 160 ಅಡಿ. ವರ್ಲಿಯಲ್ಲಿ ಚಾವಿ ಹಂಚಿದ ಆ ಆಗಸ್ಟಿನಲ್ಲೂ ಶಿವಡಿಯ ಸುಮಾರು ಸಾವಿರ ಸಂಸಾರಗಳು ತಮ್ಮ ಸರದಿ ಎಂದೆಂದು ಕೇಳುತ್ತಾ ಹಳೆಯ ಕೋಣೆಯಲ್ಲೇ ಕೂತಿದ್ದವು.