ಸ್ವಂತ ಪುಸ್ತಕ ತರುವ ಮುನ್ನ

‘ಒಂದು ಸಂಕಲನ ತರಬೇಕು ಮಾರಾಯ’ ಅನ್ನುವ ಮಾತು ನಮ್ಮ ಬಳಗದಲ್ಲಿ ಆಗಾಗ ಕಿವಿಗೆ ಬೀಳ್ತದೆ. ಕವಿತೆ ಹೇಗಿರಬೇಕು ಅಂತ ಹೇಳುವ ಯೋಗ್ಯತೆ ವಾಣಿಜ್ಯ ಓದುವ ನನಗಿಲ್ಲ. ಆದರೆ ಪುಸ್ತಕಕ್ಕೆ ಒಂದು ಲೆಕ್ಕ ಉಂಟು. ಅಷ್ಟನ್ನು ಇಲ್ಲಿ ಬರೆಯುತ್ತೇನೆ.

ಸ್ವಂತ ದುಡ್ಡಿನಲ್ಲಿ ಪುಸ್ತಕ ತರುವುದು ನಾಚಿಕೆಯ ವಿಷಯವಲ್ಲ. ನಂಜನಗೂಡು ತಿರುಮಲಾಂಬ ‘ಸತೀಹಿತೈಷಿಣೀ’ ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿಗಳನ್ನು ತಾವೇ ಹೊರತಂದರು. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ನಡೆಸಿದರು. ಇವರು ಬರೆದು ಸುಮ್ಮನೆ ಕೂರಲಿಲ್ಲ. ಓದುಗನ ಬಾಗಿಲಿಗೆ ಹೋಗುವ ದಾರಿಯನ್ನೂ ಹುಡುಕಿದರು.

ಈಗ ಲೆಕ್ಕಕ್ಕೆ ಬರೋಣ. 96 ಪುಟದ ಸಂಕಲನ, 300 ಪ್ರತಿ, ಒಟ್ಟು ಖರ್ಚು 24,000 ರೂಪಾಯಿ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೆ 80 ರೂಪಾಯಿ ಬಿತ್ತು. ಬೆಲೆ 120 ಇಟ್ಟಿರಿ. ಅಂಗಡಿಯವನಿಗೆ ಶೇಕಡ 35 ಕಳೆದರೆ ನಿಮ್ಮ ಕೈಗೆ 78. ಅಂದರೆ ಮಾರಿದಷ್ಟೂ ಪ್ರತಿಗೆ ಎರಡು ರೂಪಾಯಿ ನಷ್ಟ! ನೀವೇ ಕೈಯಾರೆ ಮಾರಿದರೂ ಅಸಲು ಹುಟ್ಟಲು 200 ಪ್ರತಿ ಹೋಗಬೇಕು. ಗೌರವ ಪ್ರತಿ ಅಂತ 50 ಹಂಚಿದ ಮೇಲೆ ಉಳಿಯೋದು 250. ಅದರಲ್ಲಿ 200 ಯಾರು ಕೊಳ್ತಾರೆ?

ನಮ್ಮ ಕಟ್ಟಡದ ಹಿರಿಯರೊಬ್ಬರು ನಿವೃತ್ತಿಯ ಹಣದಲ್ಲಿ ಸಾವಿರ ಪ್ರತಿ ಮಾಡಿಸಿದರು. ಬಿಡುಗಡೆಯ ದಿನ ಹಾರ, ಶಾಲು, ಚಾ-ಬಿಸ್ಕೀಟು ಎಲ್ಲ ಆಯ್ತು. ಈಗ ಅವರ ಒಂದೇ ಖೋಲಿಯ ಮನೆಯಲ್ಲಿ ಪುಸ್ತಕದ ಕಟ್ಟುಗಳ ಮೇಲೇ ಹಾಸಿಗೆ.

ಮುಂಬಯಿಯಲ್ಲಿ ಕನ್ನಡ ಪುಸ್ತಕದಂಗಡಿ ಬೀದಿಗೊಂದು ಸಿಗೋದಿಲ್ಲ. ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ, ಕಲೀನಾದ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇಂಥಲ್ಲಿ ಸೇರುವ ಜನರೇ ನಮ್ಮ ಪೇಟೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಚಂದಾದಾರರ ಬಲದಿಂದ ನಿಂತಿತು. ಆ ಉಪಾಯ ನಮಗೂ ಸಲ್ಲುತ್ತದೆ: ಮೊದಲು ಹೆಸರು, ಮುಂಗಡ; ಆಮೇಲೆ ಅಚ್ಚು.

ಇನ್ನು ಕೈಗೆ ಸಿಗುವ ನೆರವುಗಳು. ಕಾಗುಣಿತ, ಪದಪ್ರಯೋಗಕ್ಕೆ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಪಕ್ಕದಲ್ಲಿರಲಿ. ಟೈಪನ್ನು ಯೂನಿಕೋಡಿನಲ್ಲೇ ಮಾಡಿಸಿ. ಇಲ್ಲಾಂದ್ರೆ ಕಂಪ್ಯೂಟರು ಬದಲಾದಾಗ ಅಕ್ಷರ ಗೋಜಲಾಗ್ತದೆ. ಪುಟಗಳು ಹದಿನಾರರ ಲೆಕ್ಕಕ್ಕೆ ಕೂತರೆ ಕಾಗದ ಹಾಳಾಗೋದಿಲ್ಲ.

13 ಅಂಕಿಯ ಐ.ಎಸ್.ಬಿ.ಎನ್. ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಲೇಖಕ ತಾನೇ ಅರ್ಜಿ ಹಾಕಬಹುದು. ಅದಕ್ಕೇಂತ ಸಾವಿರಗಟ್ಟಲೆ ಕೇಳುವವರಿಗೆ ದೂರದಿಂದಲೇ ಕೈಮುಗಿಯಿರಿ. 1954ರ ಕಾಯಿದೆಯಂತೆ, ಪ್ರಕಟವಾದ ಮೂವತ್ತು ದಿನದೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ದಿಲ್ಲಿ ಮತ್ತು ನಮ್ಮದೇ ಮುಂಬಯಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನದ ಯೋಜನೆಯೂ ಉಂಟು. ಅರ್ಜಿಗೆ ಮುಂಚೆ ಅದರ ನಿಯಮಾವಳಿ ಓದಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಸಹಿ. ಕೃತಿ ಬರೆದೊಡನೆ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಅದು ನಿಮ್ಮ ಜೀವಮಾನ ಮತ್ತು ಆಮೇಲೆ 60 ವರ್ಷ ಇರುತ್ತದೆ. ದುಡ್ಡು ಕೊಟ್ಟು ಅಚ್ಚು ಹಾಕಿಸಿ ಹಕ್ಕನ್ನೂ ಬರೆದುಕೊಡುವವರಿದ್ದಾರೆ! ಬರೆದುಕೊಡಲೇಬೇಕಾದರೆ ಎಷ್ಟು ವರ್ಷಕ್ಕೆ ಅನ್ನೋದನ್ನು ಕಾಣಿಸಿ. ಕಾಣಿಸದೆ ಇದ್ದರೆ 1957ರ ಕಾಯಿದೆ ಅದನ್ನು ಐದು ವರ್ಷ ಎಂದು ಎಣಿಸುತ್ತದೆ.

ಮಿತ್ರರೆ, ಅಚ್ಚುಕೂಟಕ್ಕೆ ಹೋಗುವ ಮುಂಚೆ ನೋಟುಪುಸ್ತಕದ ಒಂದು ಹಾಳೆಯಲ್ಲಿ ಕೊಳ್ಳುವವರ ಹೆಸರು ಬರೆಯಿರಿ. ನೂರೂ ದಾಟದಿದ್ದರೆ ಇನ್ನೊಂದು ವರ್ಷ ತಡೆಯಿರಿ. ಪದ್ಯ ಹಳಸೋದಿಲ್ಲ, ಅಪ್ಪನ ಉಳಿತಾಯದ ದುಡ್ಡು ಮಾತ್ರ ಹೋದರೆ ಮರಳಿ ಬರೋದಿಲ್ಲ.